ಅರಬಿ ಅಕ್ಷರದ ಬಾಟ್ಲಿಗಳು

ಮಗುವಿನ ಹೇಲಿನ ಬಗ್ಗೆ ಪಾಠ ಮಾಡಲು ಸಬೀಹಾಳಿಗೆ ಯಾವತ್ತೂ ನಾಚಿಕೆಯಾದದ್ದಿಲ್ಲ. ಮೂಡುಬಿದಿರೆಯ ಒಂದು ಖಾಸಗಿ ಕಾಲೇಜಿನಲ್ಲಿ ಬಿಎಸ್ಸಿ ಮಕ್ಕಳಿಗೆ ಸೂಕ್ಷ್ಮಜೀವಿಗಳ ವಿಷಯ ಕಲಿಸುವುದು ಅವಳ ಕೆಲಸ. ಬಿಜಾಪುರ, ದಾವಣಗೆರೆ ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗ ಹುಡುಗಿಯರು ಮೂಗು ಮುಚ್ಚಿಕೊಂಡು ನಕ್ಕರೆ ಅವಳೂ ನಗುತ್ತಿದ್ದಳು. "ನಗಿ, ಚೆನ್ನಾಗಿ ನಗಿ. ನಿಮ್ಮ ಹೊಟ್ಟೆಯೊಳಗೆ ಕೂತವರ ಸಂಖ್ಯೆ ಈ ಭೂಮಿಯ ಮೇಲಿನ ಮನುಷ್ಯರಿಗಿಂತ ಜಾಸ್ತಿ ಉಂಟು. ಅವರು ಮುನಿಸಿಕೊಂಡರೆ ಮಾತ್ರ ನಿಮಗೆ ನಗಲಿಕ್ಕೆ ಪುರುಸೊತ್ತು ಸಿಗುವುದಿಲ್ಲ" ಎನ್ನುತ್ತಿದ್ದಳು.

ಎರಡು ಸಾವಿರದ ಒಂಬತ್ತನೆಯ ಇಸವಿಯ ಫೆಬ್ರವರಿಯಲ್ಲಿ ಒಂದು ದಿನ ಅವಳು ತರಗತಿಯಲ್ಲಿ ಹೊಸ ಸಂಗತಿಯೊಂದನ್ನು ಹೇಳುತ್ತಿದ್ದಳು. ಎದೆಹಾಲು ಕುಡಿಯುವ ಕೂಸಿನ ಕರುಳಿನಲ್ಲಿ ಮನೆ ಮಾಡಿಕೊಂಡಿರುವ ಒಂದು ಬ್ಯಾಕ್ಟೀರಿಯಾ ಇದೆ, ಕವಲೊಡೆದ ಕಡ್ಡಿಯ ಆಕಾರದ್ದು. ಅದರ ಜೀನೋಮನ್ನು, ಎಂದರೆ ಅದು ಬದುಕಲು ಬೇಕಾದ ಅಷ್ಟೂ ಬರಹವನ್ನು, ವಿಜ್ಞಾನಿಗಳು ಹಿಂದಿನ ವರ್ಷವಷ್ಟೇ ಪೂರ್ತಿ ಓದಿ ಮುಗಿಸಿದ್ದರು. ಅದರಲ್ಲೊಂದು ಕಡೆ ಸಾಲಾಗಿ ಕೂತಿದ್ದ ಜೀನುಗಳಿಗೆಲ್ಲ ಇದ್ದದ್ದು ಒಂದೇ ಉದ್ಯೋಗ. ತಾಯಿಯ ಹಾಲಿನಲ್ಲಿರುವ ಒಂದು ಬಗೆಯ ಸಕ್ಕರೆಯನ್ನು ಬಿಡಿಸಿ ತಿನ್ನುವುದು.

"ಆ ಸಕ್ಕರೆ ಮಗುವಿಗೆ ಜೀರ್ಣವೇ ಆಗುವುದಿಲ್ಲ. ಹಾಗಾದರೆ ತಾಯಿಯ ಹಾಲಿನಲ್ಲಿ ಅದು ಯಾಕೆ ಉಂಟು?" ಎಂದು ಸಬೀಹಾ ಕೇಳಿದಳು. ಬೋರ್ಡಿನಲ್ಲಿ ಬರೆದಿದ್ದ ಕವಲುಕಡ್ಡಿಯನ್ನು ತೋರಿಸಿ ಉತ್ತರವನ್ನೂ ಅವಳೇ ಹೇಳಿದಳು. "ಇವರಿಗಾಗಿ. ಮಗುವಿಗೆ ಬಡಿಸುವಾಗ ಮಗುವಿನ ಹೊಟ್ಟೆ ಕಾಯುವವರಿಗೂ ತಾಯಿಯೇ ಬಡಿಸ್ತಾಳೆ."

ಚೀಲದೊಳಗಿನ ಮೊಬೈಲು ಗುರ್ರೆಂದದ್ದು ಆಗಲೇ. ಪಾಠದ ನಡುವೆ ಫೋನು ಎತ್ತುವವಳಲ್ಲ ಅವಳು. ಆದರೆ ತಂಗಿ ಸಜ್ನಾಳ ಹೆಸರು ಕಂಡದ್ದೇ ಕಾರಿಡಾರಿಗೆ ಓಡಿದಳು.

"ಅಕ್ಕಾ, ಬಾವಾನಿಗೆ ಪುನಃ ಭೇದಿ ಶುರುವಾಯ್ತು. ಈ ಸಲ ರಕ್ತವೂ ಉಂಟು" ಎಂದಳು ಸಜ್ನಾ.

ಬಾವಾ ಎಂದರೆ ಸಜ್ನಾಳ ಎರಡು ತಿಂಗಳ ಮಗ. ಅವನ ಅಪ್ಪ ಹಾರಿಸ್ ಅರಬ್ ದೇಶದ ದಮ್ಮಾಮಿನಲ್ಲಿ ಕೆಲಸಕ್ಕಿದ್ದ. ಸಜ್ನಾಳ ಗಂಡನ ಮನೆ ಬೆಳ್ತಂಗಡಿಯಲ್ಲಿ. ಹೆರಿಗೆಗೆಂದು ಬಂಟ್ವಾಳದ ತವರಿಗೆ ಬಂದವಳು ಇನ್ನೂ ಹಿಂತಿರುಗಿರಲಿಲ್ಲ. ಎದೆಯಲ್ಲಿ ಕೀವಾಗಿ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳ ಹಾಲು ಬತ್ತಿಹೋಗಿತ್ತು. ಹಾರಿಸ್ ಅಲ್ಲಿಂದ ದೊಡ್ಡ ದೊಡ್ಡ ಟಿನ್ನುಗಳಲ್ಲಿ ಹಾಲಿನ ಹುಡಿ ಕಳಿಸಿದ್ದ. ಟಿನ್ನಿನ ಮೇಲಿನ ಕೂಸು ಗುಂಡುಗುಂಡಾಗಿ ನಗುತ್ತಿತ್ತು, ಮನೆಯೊಳಗಿನ ಕೂಸು ದಿನೇ ದಿನೇ ಒಣಗುತ್ತಿತ್ತು.

ಸಬೀಹಾ ರಜೆ ಬರೆದಿಟ್ಟು, ಪಕ್ಕದ ಮನೆಯಲ್ಲಿ ಬಿಟ್ಟಿದ್ದ ತನ್ನ ಒಂಬತ್ತು ತಿಂಗಳ ಮಗಳು ನುಸೈಬಾಳನ್ನು ಎತ್ತಿಕೊಂಡು ಬಂಟ್ವಾಳದ ಬಸ್ಸು ಹತ್ತಿದಳು. ಬಸ್ ಸ್ಟ್ಯಾಂಡಿನ ಎದುರು ಚಪ್ಪಲಿ ಅಂಗಡಿ ಇಟ್ಟಿದ್ದ ಗಂಡ ಅಶ್ರಫ್ ಕಿಟಕಿಯ ಹತ್ತಿರ ಬಂದು ನಿಂತ. ಅವನ ಮುಖದಲ್ಲೂ ಅಂಜಿಕೆ ಇತ್ತು.

"ಹೋಗು. ಆದರೆ ನೀನಾಗಿ ಎಂತದ್ದಕ್ಕೂ ಮುಂದೆ ಬೀಳಬೇಡ ಮಾರಾಯ್ತಿ. ನಾಳೆ ಹೆಚ್ಚುಕಮ್ಮಿ ಆದರೆ ಎಲ್ಲ ನಿನ್ನ ತಲೆಗೆ ಕಟ್ತಾರೆ" ಎಂದ. ಅವನು ಯಾವುದರ ಬಗ್ಗೆ ಹೇಳುತ್ತಿದ್ದಾನೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಅದರ ಹೆಸರೆತ್ತಲಿಲ್ಲ.

ನಾಲ್ಕು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ಅವಳು ದಿನವೂ ಓಡಾಡುತ್ತಿದ್ದಳು. ಕೆಲಸ ಹೊಸದು, ಚೊಚ್ಚಲ ಮಗ ಶಮ್ಮಾಸ್ ಬಂಟ್ವಾಳದಲ್ಲಿ ತಾಯಿಯ ಹತ್ತಿರ. ಬೆಳಿಗ್ಗೆ ಹಾಲು ಕೊಟ್ಟು ಹೋದರೆ ಸಂಜೆ ಬಂದು ಕೊಡುವುದು. ಮೂರನೆಯ ತಿಂಗಳಲ್ಲಿ ಅವನಿಗೆ ಭೇದಿ ಹಿಡಿಯಿತು. ನಿಂತ ಹಾಗಾಯಿತು, ಪುನಃ ಹಿಡಿಯಿತು. ಒಂದು ಶುಕ್ರವಾರ ಅವನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಸೀದಿಯ ಹಿಂದಕ್ಕೆ ತೆಗೆದುಕೊಂಡು ಹೋದರು.

ಬಾಣಂತಿಯರಿಗೆ ಎಣ್ಣೆ ತಿಕ್ಕಲು ಬರುತ್ತಿದ್ದ ಹೆಂಗಸೊಬ್ಬಳು ಆಗ ಒಂದು ಮಾತು ಆಡಿಬಿಟ್ಟಳು. ಸಬೀಹಾಳ ಹಾಲಿನಲ್ಲಿ ದೋಷ ಇದೆಯಂತೆ. ಇಂಥ ಮಾತಿಗೆ ಕಾಲು ಬೇಗ ಬರುತ್ತದೆ. ಬೆಳ್ತಂಗಡಿಯವರೆಗೂ ಅದು ನಡೆದುಕೊಂಡು ಹೋಯಿತು. ಆಮೇಲೆ ಹುಟ್ಟಿದ ನುಸೈಬಾ ಅದೇ ಹಾಲು ಕುಡಿದು ಕುಂಬಳಕಾಯಿಯ ಹಾಗೆ ಬೆಳೆದಾಗ ಜನ ತಮ್ಮ ಮಾತನ್ನು ಹಿಂದೆ ತೆಗೆದುಕೊಂಡರೇ? ಇಲ್ಲ. ಆ ಹಾಲು ಹೆಣ್ಣು ಮಕ್ಕಳಿಗೆ ಆಗುತ್ತದೆ, ಗಂಡು ಮಕ್ಕಳಿಗೆ ಆಗುವುದಿಲ್ಲ ಎಂದು ಅದಕ್ಕೊಂದು ಬಾಲ ಸೇರಿಸಿದರು. ಸಬೀಹಾ ಈ ಶಾಸ್ತ್ರವನ್ನು ಕೇಳಿ ನಗಬಹುದಿತ್ತು. ಓದಿದವಳು, ಓದಿಸುವವಳು. ಆದರೆ ನಗು ಬರಲಿಲ್ಲ. ಒಬ್ಬಳೇ ಇದ್ದಾಗ ಅವಳಿಗೂ ಅದು ನಿಜವೇ ಇರಬಹುದೇನೋ ಎಂಬ ಭಯವಾಗುತ್ತಿತ್ತು.

ಬಂಟ್ವಾಳ ಪೇಟೆಯ ಅಂಗಡಿ ಸಾಲಿನ ಹಿಂದೆ ನೇತ್ರಾವತಿಗೆ ಮುಖ ಮಾಡಿದ್ದ ಮನೆಯಲ್ಲಿ ಹೆಂಗಸರೇ ತುಂಬಿದ್ದರು. ತಾಯಿ ಅವ್ವಮ್ಮ ಅಡುಗೆಮನೆಗೂ ಚಾವಡಿಗೂ ಸುಮ್ಮನೆ ತಿರುಗುತ್ತಿದ್ದಳು. ಹಾರಿಸ್‌ನ ತಾಯಿ ಬೆಳ್ತಂಗಡಿಯಿಂದ ಬಂದು ಕುರ್ಚಿಯಲ್ಲಿ ಕೂತಿದ್ದರು. ಬಾವಾ ಸಜ್ನಾಳ ಮಡಿಲಲ್ಲಿದ್ದ. ನೆತ್ತಿ ಗುಳಿ ಬಿದ್ದಿತ್ತು, ಕಣ್ಣು ಒಳಗೆ ಹೋಗಿತ್ತು. ಶಮ್ಮಾಸ್ ಕೊನೆಗೆ ನೋಡುತ್ತಿದ್ದದ್ದು ಹೀಗೆಯೇ.

"ಡಾಕ್ಟರು ಎಂತ ಹೇಳಿದ್ರು?" ಎಂದು ಕೇಳಿದಳು.

ಸಜ್ನಾ ತಲೆ ಎತ್ತದೆ ಹೇಳಿದಳು: "ಉಪ್ಪು ಸಕ್ಕರೆಯ ನೀರು ಕೊಡ್ತಾ ಇರಿ ಅಂದ್ರು. ನಾಳೆ ಸಂಜೆಯೊಳಗೆ ಸುಧಾರಿಸದಿದ್ದರೆ ಮಂಗಳೂರಿಗೆ ಹಾಕಬೇಕಂತೆ. ಹೋದ ಸಲ ಹಾಕಿ ಎಂತ ಆಯ್ತು? ಬಂದ ಎರಡೇ ವಾರಕ್ಕೆ ಪುನಃ ಹೀಗೆ. ಮತ್ತೆ... ಎಲ್ಲಿಯಾದರೂ ಎದೆಹಾಲು ಸಿಗ್ತದಾ ನೋಡಿ ಅಂದ್ರು."

ಯಾರೂ ಸಬೀಹಾಳ ಕಡೆ ನೋಡಲಿಲ್ಲ. ಹಾರಿಸ್‌ನ ತಾಯಿ ಕಿಟಕಿಯ ಹೊರಗೆ ನೋಡುತ್ತಾ, "ಹಾಲು ಕೊಡುವುದೆಂದರೆ ಆಟದ ಮಾತಲ್ಲ. ಯಾರದ್ದು, ಹೇಗಿನದ್ದು ಎಂದು ನೋಡಬೇಕು. ಒಮ್ಮೆ ಕುಡಿದ ಹಾಲನ್ನು ವಾಪಾಸು ತೆಗೆಯಲಿಕ್ಕೆ ಆಗುವುದಿಲ್ಲ" ಎಂದರು.

ಅದೇ ಹೊತ್ತಿಗೆ ಬಾವಾ ಅತ್ತ. ಅಳು ಎನ್ನುವಷ್ಟು ದೊಡ್ಡದಲ್ಲ, ಬೆಕ್ಕಿನ ಮರಿಯ ದನಿಯಷ್ಟೇ. ಸಬೀಹಾಳ ಎದೆಯಲ್ಲಿ ಹಾಲು ಜುಮ್ಮೆಂದು ಇಳಿದು ಕುಪ್ಪಸ ಒದ್ದೆಯಾಯಿತು. ಮೈಗೆ ಯಾರ ಮಾತೂ ಗೊತ್ತಿಲ್ಲ. ಅವಳು ಕಳ್ಳಿಯ ಹಾಗೆ ಶಾಲನ್ನು ಎಳೆದುಕೊಂಡು ಒಳಕೋಣೆಗೆ ಹೋದಳು, ನುಸೈಬಾಳನ್ನು ಎದೆಗೆ ಹಚ್ಚಿ ಅತ್ತಳು. ಕೊಡುತ್ತೇನೆ ಎನ್ನಲು ಬಾಯಿ ಬರಲಿಲ್ಲ. ಕೊಟ್ಟ ಮೇಲೆ ಅವನು ಸತ್ತರೆ? ಆಗ ತಂಗಿಯ ಮುಖ ನೋಡುವುದು ಹೇಗೆ? ತನ್ನ ಮುಖ ತಾನು ನೋಡಿಕೊಳ್ಳುವುದು ಹೇಗೆ?

ಮರುದಿನ ಬೆಳಿಗ್ಗೆ ಅವಳು ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದಳು. ಬಾವಾನ ಒಂದು ಒದ್ದೆ ಬಟ್ಟೆ, ನುಸೈಬಾಳ ಒಂದು ಒದ್ದೆ ಬಟ್ಟೆ, ಎರಡರಿಂದಲೂ ಸ್ವಲ್ಪ ಹೇಲು ತೆಗೆದು ಬೇರೆ ಬೇರೆ ಕುಪ್ಪಿಯಲ್ಲಿ ಹಾಕಿ, ಮಗಳನ್ನು ಸಜ್ನಾಳ ಹತ್ತಿರ ಬಿಟ್ಟು ಮೊದಲ ಬಸ್ಸಿಗೆ ಮೂಡುಬಿದಿರೆಗೆ ಹೋದಳು. ಲ್ಯಾಬಿನಲ್ಲಿ ಸಹೋದ್ಯೋಗಿ ವಿನೋದಾ ಇದ್ದಳು. ಸಬೀಹಾಳ ಮುಖ ನೋಡಿ ಅವಳು ಏನೂ ಕೇಳದೆ ಬಣ್ಣದ ದ್ರಾವಣಗಳನ್ನು ಮುಂದಿಟ್ಟಳು.

ಮೊದಲು ನುಸೈಬಾಳ ಸ್ಲೈಡು. ಕಣ್ಣಿಟ್ಟರೆ ನೇರಳೆ ಬಣ್ಣದ ಕವಲುಕಡ್ಡಿಗಳು ಕಿಕ್ಕಿರಿದಿದ್ದವು, ಕಾಲಿಡಲು ಜಾಗವಿಲ್ಲ. ನನ್ನ ಹಾಲು ತಿಂದು ಬದುಕಿದವರು ಇವರು ಎಂದು ಸಬೀಹಾಳಿಗೆ ಅನ್ನಿಸಿತು. ಆಮೇಲೆ ಬಾವಾನ ಸ್ಲೈಡು. ಅವಳು ಅದನ್ನು ಅತ್ತ ಸರಿಸಿದಳು, ಇತ್ತ ಸರಿಸಿದಳು. ಕವಲುಕಡ್ಡಿ ಒಂದೂ ಕಾಣಲಿಲ್ಲ. ಅಲ್ಲಲ್ಲಿ ರೋಗ ತರುವ ಕೆಂಪು ಬಣ್ಣದ ಪುಂಡರ ಗುಂಪು, ನಡುವೆ ರಕ್ತಕಣಗಳು, ಉಳಿದದ್ದೆಲ್ಲ ಬಯಲು.

ವಿನೋದಾ ಕಣ್ಣಿಟ್ಟು ನೋಡಿದಳು. "ಟಿನ್ನಿನ ಹಾಲು ಕುಡಿದರೂ ಇಷ್ಟು ಖಾಲಿ ಆಗುವುದಿಲ್ಲ ಮಾರಾಯ್ತಿ. ಮಗುವಿಗೆ ಆ್ಯಂಟಿಬಯೋಟಿಕ್ ನಡೀತಾ ಉಂಟಾ?"

"ಇಲ್ಲ. ಆಸ್ಪತ್ರೆಯಲ್ಲಿ ಕೊಟ್ಟದ್ದು ನಿಲ್ಲಿಸಿ ತುಂಬ ದಿನ ಆಯ್ತು."

"ಇದು ಮದ್ದು ನಿಲ್ಲಿಸಿದ ಹೊಟ್ಟೆಯ ಹಾಗೆ ಕಾಣುವುದಿಲ್ಲ. ಯಾರೋ ದಿನಾ ಗುಡಿಸ್ತಾ ಇದ್ದಾರೆ."

ಸಬೀಹಾ ಕುಪ್ಪಿಗಳನ್ನು ತೊಳೆಯಲೂ ನಿಲ್ಲದೆ ಬಸ್ ಸ್ಟ್ಯಾಂಡಿಗೆ ಓಡಿದಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಹೆದರಿಕೆ, ತಾನು ಮುಟ್ಟುವುದರೊಳಗೆ ಮನೆಯ ಮುಂದೆ ಜನ ಸೇರಿದ್ದರೆ ಎಂದು. ಜನ ಸೇರಿರಲಿಲ್ಲ. ಸಜ್ನಾ ಚಾವಡಿಯ ಚಾಪೆಯಲ್ಲಿ ಕೂತಲ್ಲೇ ಗೋಡೆಗೊರಗಿ ನಿದ್ದೆ ಹೋಗಿದ್ದಳು, ಅವಳ ಪಕ್ಕದಲ್ಲಿ ನುಸೈಬಾ. ಅಡುಗೆಮನೆಯ ನೆಲದ ಮೇಲೆ ಅವ್ವಮ್ಮ ಕಾಲು ನೀಡಿ ಕೂತು, ಬಾವಾನನ್ನು ಕಾಲ ಮೇಲೆ ಮಲಗಿಸಿಕೊಂಡು, ದೇವರ ಹೆಸರೆತ್ತಿ ಬಿಸ್ಮಿ ಹೇಳಿ ಬೆಳ್ಳಿಯ ಚಮಚದಲ್ಲಿ ಏನನ್ನೋ ಅವನ ಬಾಯಿಗೆ ಹಾಕುತ್ತಿದ್ದಳು. ಗುಲಾಬಿ ಬಣ್ಣದ್ದು.

"ಎಂತ ಅದು ಉಮ್ಮ?"

"ಮದ್ದು. ಶುಕೂರ್ ತಂದದ್ದು" ಎಂದಳು ಅವ್ವಮ್ಮ. ಅಬ್ದುಲ್ ಶುಕೂರ್ ಎಂದರೆ ಅವಳ ಹಿರಿಯ ಮಗ, ಅವನೂ ಅರಬ್ ದೇಶದಲ್ಲೇ, ಜುಬೈಲಿನಲ್ಲಿರುವವನು. ಊರಿಗೆ ಬರುವಾಗ ಅವನ ಪೆಟ್ಟಿಗೆಯಲ್ಲಿ ಸೆಂಟು, ಸಾಬೂನು, ಹೊದಿಕೆಗಳ ನಡುವೆ ಔಷಧಿಗಳೂ ಇರುತ್ತಿದ್ದವು. ಕೇಳಿದವರಿಗೆಲ್ಲ ಹಂಚಿ ಉಳಿದದ್ದು ಅವ್ವಮ್ಮನ ಫ್ರಿಜ್ಜಿನ ಬಾಗಿಲಿಗೆ ಸೇರುತ್ತಿತ್ತು. "ಇಲ್ಲಿಯ ಮದ್ದಿಗಿಂತ ಅಲ್ಲಿಯದ್ದು ಒಳ್ಳೆಯದು. ಸೀನಿದರೂ ಕೊಡ್ತೇನೆ, ಹೊಟ್ಟೆಗೂ ಕೊಡ್ತೇನೆ. ಸಿಹಿ ಉಂಟು, ಮಕ್ಕಳು ಹಟ ಮಾಡದೆ ಕುಡೀತಾರೆ. ಇವನಿಗೆ ಆಸ್ಪತ್ರೆಯಿಂದ ಬಂದಾಗಿನಿಂದ ಬಿಡದೆ ಕೊಡ್ತಾ ಇದ್ದೇನೆ, ಆದರೂ ಯಾಕೋ..."

ಸಬೀಹಾ ಬಾಟ್ಲಿ ಎತ್ತಿ ನೋಡಿದಳು. ಒಂದು ಮಗ್ಗುಲಲ್ಲಿ ಸಣ್ಣಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಲು ಒಂದು ಕ್ಷಣ ಸಾಕಾಯಿತು. ಆ್ಯಂಟಿಬಯೋಟಿಕ್. ಉಳಿದದ್ದೆಲ್ಲ ದೊಡ್ಡ ಅರಬಿ ಅಕ್ಷರ. ಅವ್ವಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಕನ್ನಡ ಓದಲು ಬಾರದು. ಆದರೆ ಸಣ್ಣಂದಿನಿಂದ ಕುರ್‌ಆನ್ ಓದಿದ ಕಣ್ಣಿಗೆ ಅರಬಿಯ ಅಕ್ಷರಗಳು ಗೊತ್ತು. ಆ ಬಾಟ್ಲಿಯ ಮೇಲಿನದ್ದನ್ನು ಅವಳು ಸ್ವರ ತಪ್ಪದೆ ಓದಬಲ್ಲಳು. ಅರ್ಥ ಮಾತ್ರ ಗೊತ್ತಿಲ್ಲ. ದೇವರ ಮಾತು ಬಂದ ಅಕ್ಷರದಲ್ಲಿ ಬರೆದ ಮದ್ದು ಕೂಸಿಗೆ ಕೆಡುಕು ಮಾಡೀತು ಎಂದು ಅವಳಿಗೆ ಹೊಳೆಯುವುದಾದರೂ ಹೇಗೆ?

"ಇದನ್ನು ಇನ್ನು ಕೊಡಬೇಡಿ ಉಮ್ಮ. ಎಲ್ಲಿ ಉಂಟೋ ಎಲ್ಲ ತೆಗೆದುಕೊಡಿ, ಬಿಸಾಡ್ತೇನೆ."

"ಬಿಸಾಡುವುದಾ? ಖಾಲಿಯಾದದ್ದನ್ನೂ ನಾನು ಬಿಸಾಡುವುದಿಲ್ಲ. ಅಕ್ಷರ ಉಂಟಲ್ಲ ಅದರಲ್ಲಿ, ಚರಂಡಿಗೆ ಹಾಕಲಿಕ್ಕೆ ಆಗ್ತದಾ?" ಎಂದು ಅವ್ವಮ್ಮ ಕಪಾಟಿನ ಮೇಲಿನ ಅರೆಯನ್ನು ತೋರಿಸಿದಳು.

ಸಬೀಹಾ ಸ್ಟೂಲು ಹತ್ತಿ ನೋಡಿದಳು. ತೊಳೆದು, ಒಣಗಿಸಿ, ಸಾಲಾಗಿ ಇಟ್ಟ ಬಾಟ್ಲಿಗಳು. ಎದುರಿನವು ಹೊಸವು. ಹಿಂದಿನ ಸಾಲಿಗೆ ಕೈ ಹಾಕಿ ಒಂದನ್ನು ತೆಗೆದಳು. ಧೂಳು ಒರೆಸಿದರೆ ತಯಾರಾದದ್ದು ಎರಡು ಸಾವಿರದ ಐದನೆಯ ಇಸವಿ. ಶಮ್ಮಾಸ್ ಇದ್ದ ವರ್ಷ. ಅದರ ಪಕ್ಕದ್ದೂ ಅದೇ ವರ್ಷದ್ದು, ಅದರ ಪಕ್ಕದ್ದೂ. ಆಗ ಈ ಮನೆಯಲ್ಲಿ ಬೇರೆ ಮಕ್ಕಳೇ ಇರಲಿಲ್ಲ.

ತಾನು ಬಸ್ಸು ಹತ್ತಿದ ಮೇಲೆ ಪ್ರತಿದಿನ ಈ ಅಡುಗೆಮನೆಯಲ್ಲಿ ಏನು ನಡೆಯುತ್ತಿತ್ತು ಎಂಬುದು ಕಣ್ಣಿಗೆ ಕಟ್ಟಿತು. ಕಾಲ ಮೇಲೆ ಮಲಗಿದ ಶಮ್ಮಾಸ್, ಬೆಳ್ಳಿಯ ಚಮಚ, ಬಿಸ್ಮಿ. ಅದರಿಂದಲೇ ಅವನು ಹೋದ ಎಂದು ಈಗ ಯಾವ ಮೈಕ್ರೋಸ್ಕೋಪೂ ಹೇಳಲಾರದು, ಅವನ ಸ್ಲೈಡನ್ನು ಯಾರೂ ನೋಡಿರಲಿಲ್ಲ. ಆದರೆ ನಾಲ್ಕು ವರ್ಷ ತನ್ನ ಎದೆಯನ್ನು ತಾನೇ ವಿಷದ ಕೊಡ ಎಂದುಕೊಂಡು ಬದುಕಿದವಳಿಗೆ ಒಮ್ಮೆಲೇ ಸಿಟ್ಟು ಬಂತು, ಕಿರುಚಬೇಕು ಎನ್ನುವಷ್ಟು. ಕೆಳಗೆ ನೋಡಿದಳು. ತಾಯಿ ಬಾವಾನ ಬಾಯಿಯ ಕೊನೆಯಲ್ಲಿ ಇಳಿದದ್ದನ್ನು ಸೆರಗಿನಿಂದ ಒರೆಸುತ್ತಿದ್ದಳು. ಸಬೀಹಾ ಬಾಟ್ಲಿಯನ್ನು ಇದ್ದಲ್ಲೇ ಇಟ್ಟು ಇಳಿದಳು.

ಚಾವಡಿಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಅವಳು ಆದಷ್ಟು ಮೆತ್ತಗೆ ವಿವರಿಸಿದಳು. ಹೊಟ್ಟೆಯಲ್ಲಿ ಒಳ್ಳೆಯ ಜೀವಿಗಳು ಇರುತ್ತವೆ, ಈ ಮದ್ದು ಕೆಟ್ಟವರ ಜೊತೆ ಅವರನ್ನೂ ಕೊಲ್ಲುತ್ತದೆ, ಅವರಿಲ್ಲದ ಮನೆಗೆ ಪುಂಡರು ನುಗ್ಗುತ್ತಾರೆ. ಇದನ್ನು ಇವತ್ತೇ ನಿಲ್ಲಿಸಬೇಕು, ಎದೆಹಾಲು ಕೊಡಬೇಕು. ಹಾರಿಸ್‌ನ ತಾಯಿ ಅರ್ಧ ನಂಬಿದರು, ಸಜ್ನಾ ಪೂರ್ತಿ ನಂಬಿದಳು. ಅವ್ವಮ್ಮ ಮಾತ್ರ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಿದ್ದಳು.

"ಸಬೀಹಾ, ಹಾಗಾದರೆ ಶಮ್ಮಾಸಿಗೆ?" ಎಂದಳು ಅವ್ವಮ್ಮ. "ಅವನಿಗೂ ನಾನು ಇದನ್ನೇ ಕೊಡ್ತಿದ್ದೆ."

ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಸಬೀಹಾ ಹೆದರಿದ್ದಳು. ಹೌದು ಎಂದು ಒಂದು ಮಾತು ಹೇಳಿದರೆ ಸಾಕು, ತನ್ನ ಹಾಲಿನ ಮೇಲಿನ ಅಪವಾದ ಇಲ್ಲಿಯೇ ಉದುರಿ ಬೀಳುತ್ತಿತ್ತು, ಬಾವಾನನ್ನು ಈಗಲೇ ಮಡಿಲಿಗೆ ಎಳೆದುಕೊಳ್ಳಬಹುದಿತ್ತು. ಆದರೆ ಅರುವತ್ತು ದಾಟಿದ ತಾಯಿಯ ಕೈಗೆ ಸ್ವಂತ ಮೊಮ್ಮಗನ ಸಾವನ್ನು ಕೊಟ್ಟು, ಇಟ್ಟುಕೊಳ್ಳಿ ಎನ್ನುವುದು ಹೇಗೆ?

"ಇಲ್ಲ ಉಮ್ಮ. ಅದು ಬೇರೆ."

"ಬೇರೆ ಎಂತದ್ದು?"

"ಅವನಿಗೆ ನನ್ನ ಹಾಲು ಆಗಲಿಲ್ಲ" ಎಂದುಬಿಟ್ಟಳು ಸಬೀಹಾ. ಬೇರೆ ಸುಳ್ಳು ಆ ಹೊತ್ತಿಗೆ ಅವಳಿಗೆ ಸಿಗಲಿಲ್ಲ.

ಹಾರಿಸ್‌ನ ತಾಯಿ ನಿಟ್ಟುಸಿರು ಬಿಟ್ಟು ಸಜ್ನಾಳ ಕಡೆ ತಿರುಗಿದರು. "ಕೇಳಿದಿಯಲ್ಲ, ಅವಳೇ ಹೇಳಿದಳು. ನಾವು ಮಂಗಳೂರಿಗೆ ಹೋಗುವ. ನಾನು ಕಾರಿಗೆ ಫೋನು ಮಾಡಿಸ್ತೇನೆ."

ಸಜ್ನಾ ಅಕ್ಕನ ಮುಖ ನೋಡಿದಳು. ಸಬೀಹಾ ನೆಲ ನೋಡಿದಳು. ತಾಯಿಯನ್ನು ಉಳಿಸಲು ಹೋಗಿ ಕೂಸನ್ನು ಕಳೆದುಕೊಂಡೆ ಎಂದು ಅವಳಿಗೆ ಅರಿವಾದದ್ದು ಆಗ. ಆಡಿದ್ದನ್ನು ಅಳಿಸುವ ದಾರಿ ಒಂದೇ ಇತ್ತು, ಆ ದಾರಿಯಲ್ಲಿ ತಾಯಿ ನಿಂತಿದ್ದಳು. ಬಾವಾ ಈಗ ಅಳುತ್ತಲೂ ಇರಲಿಲ್ಲ.

ಅವ್ವಮ್ಮ ಚೌಕಟ್ಟು ಬಿಟ್ಟು ಅಡುಗೆಮನೆಗೆ ಹೋದಳು. ಸ್ಟೂಲು ಎಳೆದ ಸದ್ದಾಯಿತು. ಬಾಟ್ಲಿಗಳು ಒಂದಕ್ಕೊಂದು ತಾಗಿದ ಸದ್ದು. ಅವಳಿಗೆ ಇಸವಿ ಓದಲು ಬಾರದು, ಆದರೆ ಯಾವ ಸಾಲು ಯಾವ ಕಾಲದ್ದು ಎಂದು ಇಟ್ಟವಳಿಗೆ ಗೊತ್ತಿರುವುದಿಲ್ಲವೇ? ಹಿಂದಿನ ಸಾಲಿನ ಧೂಳಿನಲ್ಲಿ ಮಗಳ ಬೆರಳಿನ ಗುರುತು ಹೊಸದಾಗಿ ಬಿದ್ದಿತ್ತು. ಹೊರಗೆ ಬಂದಾಗ ಅವ್ವಮ್ಮನ ಮುಖದಲ್ಲಿ ಬಣ್ಣವೇ ಇರಲಿಲ್ಲ. ನೇರ ಸಜ್ನಾಳ ಹತ್ತಿರ ಹೋಗಿ ಬಾವಾನನ್ನು ಎತ್ತಿ ಸಬೀಹಾಳ ಮಡಿಲಲ್ಲಿ ಇಟ್ಟಳು.

"ಅವ್ವಮ್ಮಾ, ಎಂತ ಮಾಡ್ತೀರಿ ನೀವು? ಆ ಹಾಲು..." ಎಂದು ಹಾರಿಸ್‌ನ ತಾಯಿ ಎದ್ದರು.

"ಆ ಹಾಲಿಗೆ ಏನೂ ಆಗಿಲ್ಲ. ಅವಳು ನನ್ನನ್ನು ಉಳಿಸಲಿಕ್ಕೆ ಸುಳ್ಳು ಹೇಳಿದ್ದು" ಎಂದಳು ಅವ್ವಮ್ಮ. ಆಮೇಲೆ ಮಗಳಿಗೆ ಹೇಳಿದಳು: "ಕೊಡು. ಐದು ಸಲ ಹೊಟ್ಟೆ ತುಂಬ ಕುಡಿದರೆ ಇವ ನಿನಗೆ ಹಾಲಿನ ಮಗ ಆಗ್ತಾನೆ. ನಮ್ಮಲ್ಲಿ ಅದು ಹೆತ್ತ ಹಾಗೆಯೇ. ನುಸೈಬಾಳಿಗೆ ಅಣ್ಣತಮ್ಮ ಇಲ್ಲ ಎಂದು ಆಗುವುದು ಬೇಡ."

ಸಬೀಹಾ ಸಜ್ನಾಳನ್ನು ನೋಡಿದಳು. ಸಜ್ನಾ ತಾನೇ ಬಂದು ಅಕ್ಕನ ಶಾಲು ಸರಿಸಿದಳು. ಬಾವಾ ಮೊದಲು ಬಾಯಿ ಹಾಕಲಿಲ್ಲ. ಮೊಲೆತೊಟ್ಟು ತುಟಿಗೆ ತಾಗಿದರೂ ಸುಮ್ಮನಿದ್ದ. ಹಾಲು ತಾನಾಗಿ ಅವನ ನಾಲಗೆಯ ಮೇಲೆ ಬಿತ್ತು. ಒಂದು ಸಲ ಚೀಪಿದ, ನಿಲ್ಲಿಸಿದ, ಪುನಃ ಚೀಪಿದ. ಅವನು ಬದುಕಿದ, ಮಳೆಗಾಲ ಬರುವ ಹೊತ್ತಿಗೆ ಕೆನ್ನೆ ತುಂಬಿಕೊಂಡ ಎಂದು ಈಗ ಹೇಳಬಹುದು. ಆ ಮಧ್ಯಾಹ್ನ ಅದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಸಬೀಹಾ ಅವನ ಪ್ರತಿಯೊಂದು ಗುಟುಕಿಗೂ ಹೆದರುತ್ತಾ ಕೂತಿದ್ದಳು.

ನುಸೈಬಾ ಚಾಪೆಯಿಂದ ಇಳಿದು ಅಂಬೆಗಾಲಿಟ್ಟು ಅಜ್ಜಿಯ ಹತ್ತಿರ ಹೋದಳು, ಸೀರೆ ಹಿಡಿದು ನಿಲ್ಲಲು ನೋಡಿದಳು. ಅವಳು ಬಂದರೆ ಅವ್ವಮ್ಮ ಎತ್ತಿ ಮುದ್ದಿಸದೆ ಬಿಟ್ಟದ್ದೇ ಇಲ್ಲ. ಈಗ ಅವ್ವಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, ಅಪ್ಪಣೆ ಕೇಳುವವಳ ಹಾಗೆ ಮಗಳ ಕಡೆ ನೋಡಿದಳು.

"ಇವಳನ್ನು ನಾನು ಮುಟ್ಟಬಹುದಾ?"

"ಎತ್ತಿಕೊಳ್ಳಿ ಉಮ್ಮ" ಎಂದಳು ಸಬೀಹಾ.

ಅವ್ವಮ್ಮ ಅಲುಗಲಿಲ್ಲ. ಸಬೀಹಾ ಇನ್ನೊಮ್ಮೆ ಹೇಳಬೇಕಾಯಿತು.